ಬೆಳಕಿದ್ದಲ್ಲಿಗೆ ಬಂದ ಮೇಣದಬತ್ತಿ

ಅನಸೂಯಮ್ಮನವರ ಮನೆಯಲ್ಲಿ ಗಂಗುಲಮ್ಮ ನೆನೆದ ಅವರೆಕಾಳನ್ನು ಹಿತುಕುತ್ತ ಕೂತಿದ್ದಾಗ ಷಮೀಮ್ ಚಪ್ಪಲಿ ಬಿಡುವುದನ್ನೂ ಮರೆತು ಒಳಬಂದಳು.

"ನಾಳೆ ನನ್ನ ಕೆಲಸದಿಂದ ತೆಗೀತಾರಂತೆ, ಅಮ್ಮ," ಎಂದಳು ಅನಸೂಯಮ್ಮನವರಿಗೆ.

ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಅನಸೂಯಮ್ಮ ಶಿಡ್ಲಘಟ್ಟದವರ ಪಾಲಿಗೆ ಮನೆಯ ಪತ್ತೇದಾರರು. ಗಂಗುಲಮ್ಮ ಅವರ ಜೊತೆಗಾತಿ. ಷಮೀಮ್ ಜಂಗಮಕೋಟೆ ರಸ್ತೆಯ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ನೀರು ಬೆರೆತಿದೆಯೆಂದು ತಿರಸ್ಕರಿಸಿದ ಹಾಲು ಕಂಪ್ಯೂಟರಿನ ಲೆಕ್ಕದಲ್ಲಿ ಒಳ್ಳೆಯದಾಗಿಬಿಡುತ್ತಿತ್ತು. ತಿದ್ದುಪಡಿ ಎಲ್ಲರೂ ಬಳಸುವ ತೂಕದ ಕೋಣೆಯ ಕಂಪ್ಯೂಟರಿನಿಂದ, ಆದರೆ ಷಮೀಮಳ ಪಾಸ್‌ವರ್ಡಿನಿಂದ.

"ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ಯೇನಮ್ಮ?" ಎಂದು ಕೇಳಿದರು ಅನಸೂಯಮ್ಮ.

"ನಮ್ಮಮ್ಮಂಗೂ ಹೇಳಿಲ್ಲ. ಎರಡು ಸಲ ಬದಲಾಯಿಸಿದೆ. ಕರೆಂಟ್ ಹೋದ ದಿನಾನೇ ಹಿಂಗಾಗುತ್ತೆ."

"ಆಗ ಏನು ನಡೆಯುತ್ತೆ?"

"ನನ್ನ ಸ್ಕ್ರೀನು ಬ್ಯಾಟರೀಲಿ ಉರೀತಾನೇ ಇರುತ್ತೆ. ಲೆಕ್ಕವೆಲ್ಲ ಇರೋ ದೊಡ್ಡ ಕಂಪ್ಯೂಟರ್ ನಿಂತೋಗುತ್ತೆ. ಎರಡನ್ನೂ ಜೋಡಿಸೋಕೆ ಡ್ರೈವರ್ ಅಂತ ಒಂದು ಪ್ರೋಗ್ರಾಂ ಇದೆ. ಸಂಪರ್ಕ ತಪ್ಪಿತು ಅಂತ ಹೇಳೋವಾಗ ಅದು ನನ್ನ ಪಾಸ್‌ವರ್ಡನ್ನೂ ಸ್ಕ್ರೀನಲ್ಲಿ ಬರೆದುಬಿಡುತ್ತೆ. ಸರಿಮಾಡಿ ಅಂತ ಅದನ್ನ ಮಾಡಿದ ಕಂಪನಿಗೆ ಆವಾಗಲೇ ಕಾಗದ ಬರೆದೆ. ಮ್ಯಾನೇಜರ್ ಜಯರಾಮಪ್ಪನೋರು ಸಹಿ ಹಾಕಲಿಲ್ಲ. ನಿನ್ನದು ನಿಂಗೇ ತಾನೇ ಕಾಣೋದು ಅಂದ್ರು."

"ಹತ್ತಿರಕ್ಕೆ ಯಾರೂ ಬರಲ್ವಾ?"

"ಹಾಲು ಪರೀಕ್ಷೆಯ ಮುನಿಗಂಗಪ್ಪ ಬೀಡಿ ಸೇದಕ್ಕೆ ಆಚೆ ಹೋಗ್ತಾನೆ. ತೂಕದ ರಾಮಾಂಜಿನಪ್ಪಣ್ಣ, ಪಾಪ, ಮೇಣದಬತ್ತಿ ಹಚ್ಚಿ ತಂದಿಡ್ತಾರೆ."

"ಅಂಥೋರು ಊರಿಗೊಬ್ರು ಇರಬೇಕು," ಎಂದಳು ಗಂಗುಲಮ್ಮ.

"ಒಬ್ರೇ ಸಾಕು ಕಣೇ," ಎಂದರು ಅನಸೂಯಮ್ಮ.

ಮರುದಿನ ಅನಸೂಯಮ್ಮ ಗಂಗುಲಮ್ಮನ ಜೊತೆ ಡೇರಿಗೆ ಹೋದರು. ಅವರು ಹೇಳಿದಂತೆ ಷಮೀಮ್ ಮತ್ತೆ ಪಾಸ್‌ವರ್ಡ್ ಬದಲಾಯಿಸಿದಳು. ನೋಡಿದವರು ಜಯರಾಮಪ್ಪ ಮಾತ್ರ. ಕರೆಂಟ್ ಎಂದಿನಂತೆ ಹೋಯಿತು, ಮೇಣದಬತ್ತಿ ಎಂದಿನಂತೆ ಬಂತು. ಕರೆಂಟ್ ಬಂದಮೇಲೆ ಅನಸೂಯಮ್ಮ ಷಮೀಮಳನ್ನೂ ಜಯರಾಮಪ್ಪನನ್ನೂ ತಮ್ಮೆದುರೇ ಕೂರಿಸಿಕೊಂಡರು. ಅವರು ಕೂತಿದ್ದಂತೆಯೇ, ತಿರಸ್ಕರಿಸಿದ್ದ ಇನ್ನೊಂದು ಕ್ಯಾನಿನ ಹಾಲು ಲೆಕ್ಕದಲ್ಲಿ ಒಳ್ಳೆಯದಾಗಿತ್ತು.

ಎಲ್ಲರನ್ನೂ ಕರೆಸಿದರು.

"ಈ ಪಾಸ್‌ವರ್ಡ್ ಹುಟ್ಟಿದ್ದು ಇವತ್ತು. ಗೊತ್ತಿದ್ದ ಇಬ್ಬರೂ ನನ್ನ ಕಣ್ಣೆದುರೇ ಇದ್ರು. ಮುನಿಗಂಗಪ್ಪ ಆಚೆ ಇದ್ದ. ಸ್ಕ್ರೀನಿನ ಹತ್ತಿರ ಬಂದೋರು ರಾಮಾಂಜಿನಪ್ಪ ಒಬ್ರೇ."

"ಉಪಕಾರ ಮಾಡಿದ್ದೂ ತಪ್ಪಾ, ಮೇಡಂ?"

"ನಿಮ್ಮ ತೂಕದ ಕೋಣೆ ಕತ್ತಲಾಗಿತ್ತು. ಅದನ್ನ ಬಿಟ್ಟು, ಸ್ಕ್ರೀನು ಉರೀತಿದ್ದ ಮೇಜಿಗೇ ಮೇಣದಬತ್ತಿ ಯಾಕೆ ಬಂತಪ್ಪ?"

"ಅದೆಲ್ಲ ನಮ್ಮ ಬಾಮೈದನ ಹಾಲು," ಎಂದ ರಾಮಾಂಜಿನಪ್ಪ.

ಜಯರಾಮಪ್ಪ ಡ್ರಾಯರಿನಿಂದ ಷಮೀಮ್ ಕಂಪನಿಗೆ ಬರೆದಿದ್ದ ಕಾಗದ ತೆಗೆದು ಸಹಿ ಹಾಕಿದ.

"ತಾರೀಖು ತಿದ್ದಲಾ?"

"ಹಳೇದೇ ಇರಲಿ ಸಾರ್," ಎಂದಳು ಷಮೀಮ್.

ದಾರಿಯಲ್ಲಿ ಅವಳು ಅದನ್ನು ಅಂಚೆಪೆಟ್ಟಿಗೆಗೆ ಹಾಕಿದಳು. ಒಳಗೆ ಬಿತ್ತೋ ಇಲ್ಲವೋ ಎಂದು ಗಂಗುಲಮ್ಮ ಪೆಟ್ಟಿಗೆಯನ್ನೊಮ್ಮೆ ತಟ್ಟಿ ನೋಡಿದಳು.