ಗೋಡೆಯ ಮೇಲೆ ಖಾಲಿ ಮೊಳೆ

ರೂಪಾಲಿ ಬೀಗ ತೆಗೆದಳು. ಬಾಗಿಲು ತಳ್ಳಿದಳು. ಸುಟ್ಟ ವಾಸನೆ ಮುಖಕ್ಕೆ ಬಡಿಯಿತು.

ಹಾಲ್ ಪೂರ್ತಿ ಕಪ್ಪಾಗಿತ್ತು. ಸೋಫಾ ಇದ್ದ ಕಡೆ ಬರೀ ಸ್ಪ್ರಿಂಗು. ಊಟದ ಟೇಬಲ್ಲಿನ ಕಾಲುಗಳು ಇದ್ದಿಲು. ಪರದೆ ಒಂದೂ ಉಳಿದಿರಲಿಲ್ಲ. ಕಿಟಕಿಗಳು ಮುಚ್ಚಿದ್ದವು. ಗಾಳಿ ಸಿಗದೆ ಬೆಂಕಿ ಅಲ್ಲೇ ಆರಿತ್ತು.

ಮನೆ ಕೊಳ್ಳಲು ಮೀರಜಿನಿಂದ ಬಂದಿದ್ದ ಗಂಡ ಹೆಂಡತಿ ಹಿಂದೆಯೇ ನಿಂತಿದ್ದರು. ಹೆಂಡತಿ ಮೂಗಿಗೆ ಸೆರಗು ಹಿಡಿದಳು. "ಚಲಾ, ಅಪಶಕುನ" ಎಂದು ಗಂಡನ ತೋಳು ಹಿಡಿದು ಎಳೆದಳು. ಕಾರು ಹೊರಟುಹೋಯಿತು.

ರೂಪಾಲಿ ಮೆಟ್ಟಿಲ ಮೇಲೆ ಕುಳಿತಳು. ಅಳಲಿಲ್ಲ.

*

ಕಾಗವಾಡ ಠಾಣೆಯ ಪಿಎಸ್‌ಐ ಭಾಗ್ಯಾ ಬಂದಾಗ ಮನೆಯ ಮಾಲೀಕ ಶೀತಲ ಕೂಗಾಡುತ್ತಿದ್ದ. ದ್ರಾಕ್ಷಿ ತೋಟದ ಗಳಿಕೆಯಲ್ಲಿ, ಮಾರಲೆಂದೇ ಕಟ್ಟಿಸಿದ ಮನೆ ಅದು.

"ವರ್ಷದಿಂದ ಖಾಲಿ ಬಿದ್ದಿತ್ತರಿ. ಈ ರೂಪಾಲಿ ಬಂದು, 'ಅಣ್ಣಾರ, ನನ್ನ ಸಾಮಾನು ಇಟ್ಟು ಮನಿ ಸಿಂಗಾರ ಮಾಡಿ ತೋರಸ್ತೀನಿ, ಗಿರಾಕಿ ಬರ್ತಾರ. ಮಾರಿದ ಮ್ಯಾಲ ನನ್ನ ಪಾಲು ಕೊಡ್ರಿ' ಅಂದ್ಲು. ನೋಡ್ರಿ ಈಗ, ಎಂಥಾ ಸಿಂಗಾರ!"

"ಕೀಲಿ ಯಾರ ಹತ್ರ ಅದಾವು?"

"ನನ್ನ ಹತ್ರ ಒಂದು, ಆಕಿ ಹತ್ರ ಒಂದು."

ಬೀಗ ಮುರಿದಿರಲಿಲ್ಲ. ಮೂಲೆಯಲ್ಲಿ ಪೇಂಟಿನವರು ಬಿಟ್ಟುಹೋದ ಥಿನ್ನರ್ ಡಬ್ಬಿ ಖಾಲಿ ಬಿದ್ದಿತ್ತು.

ಭಾಗ್ಯಾ ಹಾಲನ್ನು ಒಮ್ಮೆ ಸುತ್ತಿದಳು. ಏನೋ ಬಿಟ್ಟೆನೆಂಬ ಅಳುಕು. ಮತ್ತೆ ಸುತ್ತಿದಳು. ಎದುರು ಗೋಡೆಯಲ್ಲಿ ಒಂದು ಮೊಳೆ.

"ಇಲ್ಲಿ ಏನಿತ್ತು?"

"ಮಂಗಸೂಳಿ ಮಲ್ಲಯ್ಯನ ಫೋಟೋರಿ." ರೂಪಾಲಿ ಮೊಬೈಲಿನಲ್ಲಿ ತೋರಿಸಿದಳು. ಕಟ್ಟಿನ ಒಂದು ಮೂಲೆ ಒಡೆದಿತ್ತು. "ದೇವರಿದ್ರ ಮನಿ ತುಂಬಿದಂಗ ಕಾಣತೇತಿ ಅಂತ ಹಾಕಿದ್ದೆ."

ಭಾಗ್ಯಾ ಬೂದಿಯಲ್ಲಿ ಕೈಯಾಡಿಸಿದಳು. ಗಾಜಿನ ಚೂರಿಲ್ಲ. ಫೋಟೋ ಗೋಡೆಯ ಮೇಲಿದ್ದೇ ಬೆಂಕಿ ಹತ್ತಿದ್ದರೆ ಅದರ ಹಿಂದಿನ ಜಾಗ ಬೆಳ್ಳಗೆ ಉಳಿಯಬೇಕಿತ್ತು. ಅಲ್ಲೂ ಮಸಿ.

*

ಸಾಮಾನು ಕೊಳ್ಳಲು ರೂಪಾಲಿಗೆ ಸಾಲ ಕೊಟ್ಟ ಹಾಲೇಶ ಫೈನಾನ್ಸಿನವನು. ವಾರ ವಾರ ಕಂತು ವಸೂಲಿ ಮಾಡುವವನು.

"ಸಾಮಾನಿಗೆ ಬೆಂಕಿ ಹಚ್ತೀನಿ ಅಂತ ಆಕಿ ಮನಿ ಮುಂದ ನಿಂತು ಒದರಿದಿಯಂತ?" ಭಾಗ್ಯಾ ಕೇಳಿದಳು.

"ಒದರೇನ್ರಿ. ದಿನಾ ಹತ್ತು ಮನಿ ಮುಂದ ಒದರತೀನಿ." ಹಾಲೇಶ ಹಲ್ಲು ಕಿರಿದ. "ಕಂತು ತಪ್ಪಿದ್ರ ಸೋಫಾ ಎತ್ತಿಕೊಂಡು ಹೋಗಿ ಮಾರ್ತಿದ್ದೆ. ಬೂದಿ ಒಯ್ದು ಏನ ಮಾಡ್ಲಿ ಮೇಡಂ, ಹಲ್ಲ ತಿಕ್ಕಲೇನು?"

"ಸಾಮಾನಿಗೆ ವಿಮಾ ಇತ್ತೇನು?"

"ಸಾಮಾನಿಗೆ? ಇಲ್ರಿ."

ಹಾಗಾದರೆ ರೂಪಾಲಿಗೂ ಲಾಭವಿಲ್ಲ. ಮತ್ತೆ ಯಾವುದಕ್ಕೆ ವಿಮೆ ಇದೆ ಎಂದು ಭಾಗ್ಯಾ ಕೇಳಿದಳು. ಉತ್ತರವನ್ನು ಬರೆದುಕೊಂಡಳು.

*

ರೂಪಾಲಿಯ ಮನೆಗೆ ಹೊರಟ ಜೀಪಿನಲ್ಲಿ ಭಾಗ್ಯಾ ಅವಳನ್ನು ಕೇಳಿದಳು. ಹಿಂದಿನ ಸೀಟಿನಲ್ಲಿ ಕಾನ್‌ಸ್ಟೇಬಲ್ ದಾನೇಶ್ವರಿ ಇದ್ದಳು. "ಮನಿ ಮಾರಿದ ಮ್ಯಾಲ ನಿನಗ ರೊಕ್ಕ. ಅದಕ್ಕ ತಿಂಗಳಾನಗಟ್ಟಲೆ ಬೇಕು. ಕಂತು ಮಾತ್ರ ವಾರಾ ವಾರಾ. ಇಂಥಾ ಸಾಲ ಯಾಕ ತಗೊಂಡಿ ತಂಗಿ?"

"ಬ್ಯಾಂಕಿನವರು, 'ಖಾಲಿ ಮನಿ ಸಿಂಗಾರ ಮಾಡೂದೂ ಒಂದು ಧಂದೆನ?' ಅಂತ ನಕ್ರು. ಹಾಲೇಶಣ್ಣ ಒಂದ ದಿನದಾಗ ಕೊಟ್ಟ."

"ಪೆಂಡಾಲಿನವರ ಹತ್ರ ಸಾಮಾನು ಬಾಡಿಗಿಗೆ ತರಬಹುದಿತ್ತು. ಒಂದು ಮನಿ ಮಾರಾಟ ಆದ ಮ್ಯಾಲ ಸ್ವಂತದ್ದು ಕೊಂಡಿದ್ರ ಆಗ್ತಿತ್ತು."

"ಹೊಸಾ ಸಾಮಾನು ಇದ್ರನ ಶೋಭಾ ಅನಿಸ್ತರಿ." ರೂಪಾಲಿ ಹೊರಗೆ ನೋಡಿದಳು. "ಈಗ ತಿಳೀತೇತಿ. ಏನ ಉಪಯೋಗ?"

ಕೇಳಬಾರದಿತ್ತು ಎಂದು ಭಾಗ್ಯಾಗೆ ಅನಿಸಿತು.

*

ಹಳೇ ಓಣಿಯಲ್ಲಿ ಎರಡು ಕೋಣೆಯ ಮನೆ. ಅಂಗಳದಲ್ಲಿ ರೂಪಾಲಿಯ ತಾಯಿ ಸತ್ತೆವ್ವ ಎಮ್ಮೆಗೆ ಮೇವು ಹಾಕುತ್ತಿದ್ದಳು. ಒಳಗಿನ ಗೋಡೆಯಲ್ಲಿ ಮಲ್ಲಯ್ಯನ ಫೋಟೋ. ಒಂದು ಮೂಲೆ ಒಡೆದದ್ದು. ಮೇಲೆ ಹೊಸದಾಗಿ ಹಚ್ಚಿದ ಭಂಡಾರದ ಅರಿಶಿನ.

ರೂಪಾಲಿ ಹೊಸ್ತಿಲಲ್ಲೇ ನಿಂತಳು.

"ಹಾಲೇಶನ ಹತ್ರ ಕೀಲಿ ಇಲ್ಲ. ಸಾಮಾನು ಸುಟ್ರ ಅವಗ ಲುಕ್ಸಾನ" ಎಂದಳು ಭಾಗ್ಯಾ. "ಶೀತಲ ತನ್ನ ಮನಿ ತಾನ ಕೆಡಿಸಿಕೊಳ್ಳಂಗಿಲ್ಲ. ಕಳ್ಳ ಬಂದಿದ್ರ ಫೋಟೋ ಬಿಟ್ಟು ಟೇಬಲ್ ಒಯ್ತಿದ್ದ. ಬೆಂಕಿ ಹಚ್ಚೂಕಿಂತ ಮೊದಲ ದೇವರನ್ನ ಇಳಿಸಿದವರು, ಆ ಫೋಟೋಕ್ಕ ದಿನಾ ಕೈ ಮುಗದವರ ಇರಬೇಕು. ಮಗಳ ಕೀಲಿ ಕೈಗೆ ಸಿಗೂದೂ ಅವರಿಗೇ. ಹೌದಲ್ಲ ಅವ್ವಾ?"

ಸತ್ತೆವ್ವ ಬುಟ್ಟಿ ಇಳಿಸಿದಳು. "ದೇವರನ್ನ ಹೆಂಗ ಸುಡ್ಲವ್ವಾ?"

"ಅವ್ವಾ! ಏನ ಮಾಡಿದಿ ಬೇ?"

"ಹ್ವಾದ ವರ್ಷ ಸಾಲದ ಎಮ್ಮಿ ಸತ್ತಿತ್ತಲ್ಲ. ವಿಮಾದವರು ಬಂದು ಕಿವ್ಯಾಗಿನ ಬಿಲ್ಲೆ ನೋಡಿದ್ರು. ಸಾಲ ಹರೀತು. ನಿನ್ನ ಸಾಲದಾಗೂ ವಿಮಾಕ್ಕ ಅಂತ ರೊಕ್ಕ ಮುರದಿದ್ರು. ನೀ ಊಟ ಬಿಟ್ಟಿದ್ದಿ, ಮಾತ ಬಿಟ್ಟಿದ್ದಿ. ಸಾಮಾನು ಹೋದ್ರ ಈ ಸಾಲಾನೂ ಹರೀತೇತಿ ಅಂದ್ಕೊಂಡೆ. ಸಂಜಿಗೆ ಹಾಲು ಹಾಕಾಕ ಹೋದಾಕಿ ಹಚ್ಚಿ ಬಂದೆ."

"ನನಗೊಂದು ಮಾತ ಕೇಳಬಾರದಿತ್ತ?"

"ನಿನಗ ಸುಳ್ಳ ಹೇಳಾಕ ಬರಂಗಿಲ್ಲ. ಪೊಲೀಸರ ಮುಂದ ಸಿಕ್ಕೊಳ್ತಿದ್ದಿ." ಸತ್ತೆವ್ವ ಭಾಗ್ಯಾ ಕಡೆ ತಿರುಗಿದಳು. "ನನ್ನ ಒಯ್ರಿ. ಆದ್ರ ವಿಮಾದ ರೊಕ್ಕ ಬರತೇತಲ್ರಿ ಅಕ್ಕಾರ?"

ಸುಳ್ಳು ಹೇಳಿಬಿಡಲೇ ಎಂದು ಭಾಗ್ಯಾ ಯೋಚಿಸಿದಳು. ಆಗಲಿಲ್ಲ.

"ಆ ವಿಮಾ ಸಾಮಾನಿಗೆ ಅಲ್ಲವ್ವಾ."

"ಮತ್ತ ಯಾತಕ್ಕ?"

"ಸಾಲ ತಗೊಂಡವರ ಜೀವಕ್ಕ."

ಎಮ್ಮೆ ಮೆಲುಕು ಹಾಕುತ್ತಿತ್ತು. ಅದರ ಕಿವಿಯಲ್ಲಿ ಹಳದಿ ಬಿಲ್ಲೆ ಅಲುಗಿತು. ರೂಪಾಲಿ ಅದನ್ನೇ ನೋಡಿದಳು.

"ಅಂದ್ರ ಈ ಸಾಲದಾಗ ಎಮ್ಮಿ ನಾನ, ಅವ್ವಾ."

ಸತ್ತೆವ್ವ ಓಡಿಬಂದು ಮಗಳ ಬಾಯಿ ಮುಚ್ಚಿದಳು.

"ದಾನೇಶ್ವರಿ," ಭಾಗ್ಯಾ ಕಾನ್‌ಸ್ಟೇಬಲ್‌ಳನ್ನು ಕರೆದಳು, "ನೀ ರೂಪಾಲಿ ಹತ್ರ ಇರು. ಒಬ್ಬಾಕಿನ್ನ ಬಿಡಬ್ಯಾಡ. ನೀರು ತರಾಕ ಹೋದ್ರೂ ಜೋಡಿ ಹೋಗು."

ಸತ್ತೆವ್ವಳನ್ನು ಹತ್ತಿಸಿಕೊಂಡು ಜೀಪು ಹೊರಟಿತು. ಭಾಗ್ಯಾ ತಿರುಗಿ ನೋಡಿದಳು. ರೂಪಾಲಿಯ ಒಂದು ಕೈಯನ್ನು ದಾನೇಶ್ವರಿ ಗಟ್ಟಿಯಾಗಿ ಹಿಡಿದಿದ್ದಳು. ರೂಪಾಲಿ ಇನ್ನೊಂದು ಕೈಯಿಂದ ತನ್ನ ಕಿವಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.