ಹೆಸರು ಕೊರೆದ ಲೋಟ

ಬೆಳಿಗ್ಗೆ ಏಳೂವರೆಗೆ ಫೋನು ಗುಂಯ್ ಅಂದಿತು. ನಮ್ಮ ಗ್ರಂಥಾಲಯದ ಬೇಸಿಗೆ ಶಿಬಿರದ ವಾಟ್ಸಾಪ್ ಗ್ರೂಪಿನಲ್ಲಿ ಹರಿಪ್ರಸಾದ್ ಮೇಷ್ಟ್ರ ಮೆಸೇಜು.

"ಇವತ್ತು ಬಣ್ಣದ ಐಸ್‌ಕ್ಯಾಂಡಿ ಮಾಡುತ್ತೇವೆ. ಪ್ರತಿ ಮಗುವೂ ತನ್ನ ಮನೆಯಿಂದಲೇ ಒಂದು ಲೋಟ ತರಬೇಕು."

ನಾನು ಆಗ ಅಡುಗೆಮನೆಯ ನೆಲದ ಮೇಲೆ ಕೂತು ಲೋಟ ಒರೆಸುತ್ತಿದ್ದೆ. ಎರಡು ಡಜನ್ ಸ್ಟೀಲ್ ಲೋಟ. ನನ್ನ ಮದುವೆಗೆಂದು ಅವ್ವ ನಂಜನಗೂಡಿನ ಪಾತ್ರೆ ಅಂಗಡಿಯಲ್ಲಿ ಕೊಂಡು, ಒಂದೊಂದರ ಮೇಲೂ 'ರಂಜಿನಿ' ಎಂದು ಕೊರೆಸಿ ಅಟ್ಟದ ಮೇಲೆ ಇಟ್ಟಿದ್ದಳು. ಹುಡುಗ ಇನ್ನೂ ಸಿಕ್ಕಿರಲಿಲ್ಲ, ಲೋಟಗಳು ಸಿದ್ಧವಾಗಿದ್ದವು. ಮಕ್ಕಳ ಐಸಿಗೆ ಇವೇ ಆಗುತ್ತವೆ ಎಂದು ಹಿಂದಿನ ದಿನ ಮೇಷ್ಟ್ರಿಗೆ ನಾನೇ ಹೇಳಿದ್ದೆ.

ಮನೆಯಿಂದಲೇ. ಒರೆಸುತ್ತಿದ್ದ ಲೋಟ ಕೆಳಗಿಟ್ಟು ಆ 'ಲೇ'ಯನ್ನು ಇನ್ನೊಂದು ಸಲ ಓದಿದೆ.

"ಏನವ್ವಾ, ಮಕ ಯಾಕಂಗೆ ಮಾಡ್ಕೊಂಡೆ?" ಎಂದಳು ಅವ್ವ.

"ಲೋಟ ಬೇಡ್ವಂತೆ. ಎಲ್ರೂ ಅವರವರ ಮನೇದೇ ತತ್ತಾರಂತೆ."

ಅವ್ವನಿಗೆ ಅಷ್ಟೇ ಸಾಕಾಯಿತು. ಬಿಡಿಸಿ ಹೇಳದೆಯೇ ತಿಳಿಯುವ ವಿಷಯಗಳು ನಮ್ಮ ಬೀದಿಯಲ್ಲಿ ಕೆಲವು ಇವೆ. ನನ್ನ ತಾತ ಕರಿಯಯ್ಯ ಟೀ ಅಂಗಡಿಯ ಸೂರಿಗೆ ಸಿಕ್ಕಿಸಿದ್ದ ಲೋಟವನ್ನು ತಾನೇ ತೆಗೆದು, ಹೊರಗೆ ನಿಂತು ಕುಡಿದು, ತಾನೇ ತೊಳೆದು ಮತ್ತೆ ಸಿಕ್ಕಿಸಿ ಬರುತ್ತಿದ್ದವನು. ಅವನ ಮೊಮ್ಮಗಳು ನಾನು, ಬುದ್ಧನ ಪಟದ ಕೆಳಗೆ ಕೂತು ಓದಿ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ ಆದವಳು.

ಇಪ್ಪತ್ತನಾಲ್ಕೂ ಲೋಟಗಳನ್ನು ಚೀಲಕ್ಕೆ ತುಂಬಿದೆ.

"ಬೇಡ ಅಂದೋರ್ತಾವ ಯಾಕೆ ಒತ್ಕೊಂಡೋದೀಯೆ?"

"ಬೇಡ ಅಂತ ನನ್ನ ಮಕ ನೋಡಿ ಹೇಳ್ಲಿ ಅಂತ."

ಕೋಪ ಅಷ್ಟು ಬರಲು ಕಾರಣ ಲೋಟವೊಂದೇ ಅಲ್ಲ. ಮೇಷ್ಟ್ರು ಕಳಲೆಯಿಂದ ಬೈಕಿನಲ್ಲಿ ಬಿಳಿಗೆರೆ ಹತ್ತಿರದ ನಮ್ಮೂರ ಹೈಸ್ಕೂಲಿಗೆ ಬರುವವರು. ಪೂಜೆ ಮಾಡುವವರ ಮನೆಯವರು. ಒಂದು ವರ್ಷದಲ್ಲಿ 'ಜೇನು ಸಾಕಣೆ' ಪುಸ್ತಕವನ್ನು ನಾಲ್ಕು ಸಲ ಒಯ್ದವರು, ಮನೆಯಲ್ಲಿ ಒಂದು ನೊಣವನ್ನೂ ಸಾಕದವರು. ರಿಜಿಸ್ಟರಿಗೆ ಸಹಿ ಹಾಕಿ ಪೆನ್ನು ವಾಪಸು ಕೊಡುವಾಗ ಅದರ ತುದಿಯನ್ನು ಒಂದು ಕ್ಷಣ ಹೆಚ್ಚಿಗೆ ಹಿಡಿದುಕೊಳ್ಳುವವರು. ನಾನೂ ಎಳೆದುಕೊಳ್ಳುತ್ತಿರಲಿಲ್ಲ. ಆ ಒಂದು ಕ್ಷಣ ನನಗೆ ಒಂದು ವಾರಕ್ಕೆ ಸಾಕಾಗುತ್ತಿತ್ತು.

ಗ್ರಂಥಾಲಯದ ಜಗಲಿಯಲ್ಲಿ ಹದಿನೆಂಟು ಮಕ್ಕಳು, ಹದಿನೆಂಟು ಲೋಟಗಳು. ಯಾವುದೋ ಅಜ್ಜಿಯ ಹೆಸರು, ಯಾವುದೋ ಮದುವೆಯ ತಾರೀಖು, ಒಂದರ ಮೇಲೆ ಸೋದರಮಾವನ ಇನಿಷಿಯಲ್. ಮಕ್ಕಳು ಆಗಲೇ ಹಿಪ್ಪುನೇರಳೆ ಹಣ್ಣು ಹಿಸುಕುತ್ತ ಬಾಯೆಲ್ಲ ನೇರಳೆ ಮಾಡಿಕೊಂಡಿದ್ದರು. ಮೇಷ್ಟ್ರು ಬೀಟ್‌ರೂಟ್ ತುರಿಯುತ್ತಿದ್ದರು. ಅಂಗಿ ತೋಳು ಮಡಚಿದ್ದರು, ಮೊಣಕೈವರೆಗೂ ಕೆಂಪು. ಬೇರೆ ದಿನವಾಗಿದ್ದರೆ ನೋಡುತ್ತ ನಿಲ್ಲುತ್ತಿದ್ದೆ.

ಚೀಲವನ್ನು ಅವರ ಮುಂದೆ ಠಣ್ ಎಂದು ಇಟ್ಟೆ. "ಹಿಂದಕ್ಕೆ ಬನ್ನಿ ಮೇಷ್ಟ್ರೇ, ಮಾತಿದೆ."

ಹಿಂದೆ ಹೊಂಗೆ ಮರದ ಕೆಳಗೆ ಬಂದರು, ಕೈಯಲ್ಲಿ ಅರ್ಧ ಬೀಟ್‌ರೂಟ್ ಹಾಗೇ ಇತ್ತು.

"ಮನೆಯಿಂದಲೇ ಅಂದ್ರೇನು?"

"ಲೋಟ ಅದಲುಬದಲಾದ್ರೆ ಮಕ್ಕಳು ಜಗಳ ಆಡ್ತಾರೆ ಅಂತ..."

"ನನ್ನ ನೋಡಿ ಹೇಳಿ."

ಅವರು ಬೀಟ್‌ರೂಟನ್ನು ನೋಡಿದರು. "ನಿನ್ನೆ ವೆಂಕಟಲಕ್ಷ್ಮಮ್ಮನವ್ರು ಫೋನ್ ಮಾಡಿದ್ರು, ನಮ್ಮ ಪಲ್ಲವಿ ಅಜ್ಜಿ. ಯಾರ್ಯಾರ ಮನೆ ಲೋಟದಲ್ಲೋ ಮಗು ತಿನ್ನೋದು ಬೇಡ, ಹಾಗಾದ್ರೆ ಕಳ್ಸಲ್ಲ ಅಂದ್ರು. ಎಲ್ರೂ ಅವರವರದು ತಂದ್ಬಿಟ್ರೆ ಯಾರಿಗೂ ನೋವಾಗಲ್ಲ ಅಂತ ಒಂದು ಉಪಾಯ..."

"ಯಾರಿಗೂ ಅಂದ್ರೆ? ಆ ಲೆಕ್ಕದಲ್ಲಿ ನಾನಿಲ್ವಾ?"

ಅವರು ಬೀಟ್‌ರೂಟನ್ನು ಇನ್ನೊಂದು ಕೈಗೆ ಬದಲಾಯಿಸಿದರು.

"ಐಸ್ ಗಟ್ಟಿಯಾಗೋದು ನಮ್ಮನೆ ಫ್ರಿಜ್ಜಲ್ಲಿ. ಅದನ್ನ ಹೇಳಿದ್ರಾ ಅವರಿಗೆ?"

"ಇಲ್ಲ."

"ನಮ್ಮನೆ ಫ್ರಿಜ್ಜು ಬೇಕು, ಲೋಟ ಬೇಡ. ಭಾಳ ಜಾಣರು ಕಣ್ರೀ ನೀವು."

"ರಂಜಿನಿ, ನಿಮ್ಮಷ್ಟು ಒಳ್ಳೆ ಮನಸ್ಸಿನೋರು ಈ ಊರಲ್ಲೇ..."

"ಹೊಗಳಿ ಐಸ್ ಇಡ್ಬೇಡಿ. ನಮ್ಮ ಫ್ರೀಜರಲ್ಲಿ ಜಾಗ ಇಲ್ಲ." ನಗು ಬರುವಂಥ ಮಾತೇ, ಆದರೆ ನಾನು ತಮಾಷೆಗೆ ಹೇಳಿರಲಿಲ್ಲ. "ಒಂದೇ ಒಂದು ಮಾತು ಹೇಳಿ. ನಾಳೆ ನಾನು ನಿಮ್ಮನೆಗೆ ಬಂದ್ರೆ ನಂಗೂ ಒಂದು ಲೋಟ ಬೇರೆ ಇಟ್ಟಿರ್ತೀರಾ? ಯಾರಿಗೂ ನೋವಾಗ್ದೇ ಇರೋ ಹಾಗೆ?"

ಅವರು ಬಾಯಿ ತೆರೆದರು. ಮಾತು ಬರಲಿಲ್ಲ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ, ಆ ಮೌನವನ್ನು ತಡೆಯಲಾಗಲಿಲ್ಲ.

"ಸಾರ್!" ಎಂದು ಪಲ್ಲವಿ ಜಗಲಿಯಿಂದ ಕೂಗಿದಳು. ಎಂಟು ವರ್ಷ, ಎಂಬತ್ತರ ಬಾಯಿ. "ಎಲ್ರಿಗೂ ಲೋಟ ತನ್ನಿ ಅಂದ್ರಿ, ನಿಮ್ ಲೋಟ ಎಲ್ಲಿ?"

ಮೇಷ್ಟ್ರು ತರುವುದನ್ನೇ ಮರೆತಿದ್ದರು.

ಇಬ್ಬರೂ ಜಗಲಿಗೆ ಬಂದೆವು. ನಾನು ಚೀಲದಿಂದ ಒಂದನ್ನು ತೆಗೆದು ಅವರ ಕೆಂಪು ಕೈಗೆ ತುರುಕಿದೆ. "ತಗೊಳ್ಳಿ. ಆಗುತ್ತೋ ಇಲ್ವೋ ನೋಡಿ."

ಅವರು ಕೊರೆದ ಹೆಸರನ್ನು ಹೆಬ್ಬೆರಳಿನಿಂದ ಸವರಿದರು. ನಾನು ಮುಖ ತಿರುಗಿಸಿಕೊಂಡೆ.

ಬಣ್ಣದ ಐಸಿನ ಗುಟ್ಟು ಇಷ್ಟೇ: ಒಂದು ಬಣ್ಣ ಗಟ್ಟಿಯಾಗುವವರೆಗೆ ಇನ್ನೊಂದನ್ನು ಸುರಿಯಬಾರದು. ಆತುರಪಟ್ಟರೆ ಎಲ್ಲ ಕಲಸಿ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಮೊದಲು ಹಿಪ್ಪುನೇರಳೆ, ಆಮೇಲೆ ಹಾಲಿನಲ್ಲಿ ಅರೆದ ರಸಬಾಳೆ, ಆಮೇಲೆ ಬೀಟ್‌ರೂಟ್, ಕೊನೆಗೆ ಮಾವು. ಇಡೀ ದಿನ ಮಕ್ಕಳು ಎರಡು ಬೀದಿ ದಾಟಿ ನಮ್ಮ ಮನೆಗೂ ಗ್ರಂಥಾಲಯಕ್ಕೂ ಓಡಾಡಿದರು. ಪಲ್ಲವಿ ನಮ್ಮ ಅಡುಗೆಮನೆಯಲ್ಲೇ ಠಿಕಾಣಿ ಹೂಡಿ, ಗಳಿಗೆಗೊಮ್ಮೆ ಫ್ರಿಜ್ ಬಾಗಿಲು ತೆಗೆದು ಅವ್ವನಿಂದ ಬೈಸಿಕೊಂಡಳು. "ತಗ್ದು ತಗ್ದು ನೋಡುದ್ರೆ ಎಂಗವ್ವ ಗಟ್ಟಿಯಾದದು? ನಿಂಗೂ ಕಡ್ಡಿ ಸಿಗ್ಸಿ ಒಳೀಕೆ ಕೂರುಸ್ಬುಡ್ತೀನಿ ನೋಡು!"

ಮಾರನೆಯ ದಿನ ಶುಕ್ರವಾರ ಲೋಟಗಳನ್ನು ಬಿಸಿನೀರಲ್ಲಿ ಅದ್ದಿ ಕಡ್ಡಿ ಹಿಡಿದು ಎಳೆದರೆ, ನಾಲ್ಕು ಬಣ್ಣದ ಐಸು ಪುಳಕ್ಕನೆ ಈಚೆ ಬಂತು. ಹದಿನೆಂಟೂ ದೊಡ್ಡ ತಟ್ಟೆಗೆ ಬಿದ್ದವು. ಯಾವುದು ಯಾರ ಲೋಟದ್ದು? ಐಸಿನ ಮೇಲೆ ಹೆಸರಿರಲಿಲ್ಲ. ಮಕ್ಕಳು ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡು ಓಡಿದರು. ಮೇಷ್ಟ್ರು ತಮ್ಮದನ್ನು ನನ್ನ ಲೋಟದಲ್ಲೇ ಇಟ್ಟುಕೊಂಡು ಕೊನೆಯವರೆಗೂ ತಿಂದರು. ಕರಗಿ ಉಳಿದಿದ್ದನ್ನು ಲೋಟ ಎತ್ತಿ ಕಚ್ಚಿ ಕುಡಿದರು. ನನ್ನ ಕಡೆ ನೋಡಿದರು. ತುಟಿಯ ಮೇಲೆ ನೇರಳೆ ಮೀಸೆ ಮೂಡಿತ್ತು. ನಾನು ನಗಲಿಲ್ಲ. ಕಷ್ಟಪಟ್ಟು ನಗಲಿಲ್ಲ.

ಆ ಮಧ್ಯಾಹ್ನ ಗ್ರೂಪಿನಲ್ಲಿ ಅವರ ಇನ್ನೊಂದು ಮೆಸೇಜು ಬಂತು. "ಮನೆಯಿಂದಲೇ ಲೋಟ ತನ್ನಿ ಎಂದು ಬರೆದಿದ್ದು ನನ್ನ ತಪ್ಪು. ಒಬ್ಬರ ಮಾತಿಗೆ ಹೆದರಿ ಬರೆದೆ. ಐಸ್ ಗಟ್ಟಿಯಾಗಿದ್ದು ರಂಜಿನಿಯವರ ಮನೆಯಲ್ಲಿ. ಮಕ್ಕಳೆಲ್ಲ ತಿಂದಿದ್ದಾರೆ. ನಾನು ಅವರ ಲೋಟದಲ್ಲೇ ತಿಂದೆ."

ಶನಿವಾರ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆಯುವಷ್ಟರಲ್ಲಿ ವೆಂಕಟಲಕ್ಷ್ಮಮ್ಮ ಜಗಲಿ ಮೇಲೆ ನಿಂತಿದ್ದರು. ಸೊಂಟದ ಮೇಲೊಂದು ಕೈ, ಇನ್ನೊಂದು ಕೈಯಲ್ಲಿ ಲೋಟ.

"ನಮ್ಮಣ್ಣ ಮದ್ವೇಲಿ ಕೊಟ್ಟ ಲೋಟ ಎಲ್ಲಮ್ಮಾ? ಇದ್ಯಾರದ್ದು ನಮ್ಮನೆಗೆ ಬಂದಿರೋದು?"

ತೆಗೆದುಕೊಂಡು ಓದಿದೆ. 'ಕೆಂಪಾಜಮ್ಮ'. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ. ಮಕ್ಕಳು ಮನೆಗೆ ಹೋಗುವಾಗ ಹೆಚ್ಚು ಹೊಳೆಯುವ ಲೋಟಗಳನ್ನು ಆರಿಸಿಕೊಂಡು ಹೋಗಿದ್ದರು. ಊರಿಗೆ ಊರೇ ಅದಲುಬದಲಾಗಿತ್ತು.

"ಇವಾಗ ನೋಡಿದ್ರಾ ಹೆಸ್ರನ್ನ?" ಎಂದೆ.

ಅಜ್ಜಿಯ ಸೆರಗಿನ ಹಿಂದಿನಿಂದ ಪಲ್ಲವಿ ಉತ್ತರ ಕೊಟ್ಟಳು. "ಕನ್ನಡಕ ಇಲ್ದೆ ಅಜ್ಜಿ ಅದ್ರಲ್ಲಿ ಎರಡ್ ಸಲ ಕಾಫಿ ಕುಡುದ್ರು ಮಿಸ್. ಚೆನ್ನಾಗಿದೆ ಅಂದ್ರು!"

"ಮುಚ್ಚೇ ಬಾಯಿ!"

"ನಿಮ್ಮ ಲೋಟ ಕೆಂಪಾಜಮ್ಮನ ಮನೇಲಿರುತ್ತೆ," ಎಂದೆ. "ಮಜ್ಜಿಗೆ ಕುಡಿದಿರ್ತಾರೆ. ನೀವೇ ಹೋಗಿ ಇಸ್ಕೊಳ್ಳಿ. ನಾನು ತಂದುಕೊಡಲ್ಲ."

ವೆಂಕಟಲಕ್ಷ್ಮಮ್ಮ ಒಂದು ಗಳಿಗೆ ನಿಂತರು. ಅಣ್ಣ ಕೊಟ್ಟ ಲೋಟವದು, ಬಿಡುವಂತಿಲ್ಲ. ನಮ್ಮ ಬೀದಿಯ ಕಡೆಗೆ ದಡದಡ ನಡೆದರು. ಅರ್ಧ ಗಂಟೆಯಾದರೂ ವಾಪಸು ಬರಲಿಲ್ಲ. ಅಜ್ಜಿಯರಿಬ್ಬರೂ ಕೆಂಪಾಜಮ್ಮನ ಜಗಲಿಯಲ್ಲಿ ಕೂತು ಸೊಸೆಯರ ವಿಷಯ ಮಾತಾಡುತ್ತಿದ್ದಾರೆ ಎಂದು ಪಲ್ಲವಿ ವರದಿ ತಂದಳು.

ಸಂಜೆಯೊಳಗೆ ಎಲ್ಲ ಲೋಟಗಳೂ ಮನೆ ಸೇರಿದವು. ನನ್ನವು ಮಾತ್ರ ಇಪ್ಪತ್ತಮೂರು ಇದ್ದವು.

ಮೇಷ್ಟ್ರು ಶನಿವಾರ ಬರಲಿಲ್ಲ. ಫೋನೂ ಇಲ್ಲ. ಸೋಮವಾರ ಹನ್ನೊಂದಕ್ಕೆ ಬಂದರು, ಕಣ್ಣು ಕೆಂಪಗಿತ್ತು. 'ಜೇನು ಸಾಕಣೆ' ಪುಸ್ತಕವನ್ನು ಮೇಜಿನ ಮೇಲಿಟ್ಟರು.

"ನನ್ನ ಒಂದು ಲೋಟ ಕಮ್ಮಿ ಇದೆ," ಎಂದೆ. "ಮಕ್ಕಳು ತಪ್ಪು ಮಾಡಿದ್ರು, ಸರಿ. ನೀವು?"

"ನಂದು ತಪ್ಪಲ್ಲ. ಬೇಕು ಅಂತಾನೇ ತಗೊಂಡೋದೆ."

"ಯಾಕೆ?"

"ಅವತ್ತು ನೀವು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಸುಳ್ಳು ಹೇಳೋಕೆ ಮನಸ್ಸು ಬರ್ಲಿಲ್ಲ. ಅದಕ್ಕೆ ಮನೆಗೆ ತಗೊಂಡೋಗಿ ಅಡುಗೆಮನೇಲಿ ನಮ್ಮ ಲೋಟಗಳ ಜೊತೆ ಇಟ್ಟೆ. ಅಮ್ಮ ಹೆಸರು ಓದಿದ್ರು. ಯಾರು ಈ ರಂಜಿನಿ ಅಂದ್ರು. ಹೇಳ್ದೆ."

"ಏನಂತ?"

"ಯಾರ ಮಗಳು, ಯಾವ ಬೀದಿ, ಎಲ್ಲಾ. ನಾನು ಮದ್ವೆ ಆಗೋ ಹುಡುಗಿ ಅಂತಾನೂ."

ನನ್ನ ಕಿವಿ ಬಿಸಿಯಾಯಿತು. "ನನ್ನ ಕೇಳ್ದೇನೇ?"

"ನಿಮ್ಮನ್ನ ಕೇಳೋಕೆ ಮುಂಚೆ ನಮ್ಮನೇಲಿ ಹೇಳೋ ಧೈರ್ಯ ಇದೆಯಾ ಅಂತ ನೋಡ್ಕೋಬೇಕಿತ್ತು."

ಮಾತು ಸರಿಯಾಗಿಯೇ ಇತ್ತು. ಅದಕ್ಕೂ ಕೋಪ ಬಂತು.

"ನಿಮ್ಮಮ್ಮ ಏನಂದ್ರು?"

"ಎರಡು ದಿನ ಮಾತಾಡ್ಲಿಲ್ಲ. ಲೋಟ ಇಟ್ಟಲ್ಲೇ ಇತ್ತು. ಇವತ್ತು ಬೆಳಿಗ್ಗೆ ಕಾಫಿ ಅದ್ರಲ್ಲೇ ಕೊಟ್ರು. ನಾನು ಕುಡಿದ ಮೇಲೆ ತೊಳೆದು ನಮ್ಮ ಲೋಟಗಳ ಜೊತೆನೇ ಬೋರಲು ಹಾಕಿದ್ರು." ಪುಸ್ತಕವನ್ನು ನನ್ನ ಕಡೆ ತಳ್ಳಿ, "ಅವರಿನ್ನೂ ಅದ್ರಲ್ಲಿ ಕುಡಿದಿಲ್ಲ. ಅದನ್ನೂ ಹೇಳ್ಬೇಕು ನಿಮಗೆ," ಎಂದರು.

ಜಗಲಿಯಲ್ಲಿ ಮಕ್ಕಳು ಎರಡನೇ ಸಲದ ಐಸಿಗೆ ಜಗಳ ಶುರು ಮಾಡಿದ್ದರು. ಈ ಸಲ ಯಾರೂ ಮನೆಯಿಂದ ಲೋಟ ತಂದಿರಲಿಲ್ಲ. ನನ್ನ ಇಪ್ಪತ್ತಮೂರೂ ಸಾಲಾಗಿ ನಿಂತಿದ್ದವು.

ರಿಜಿಸ್ಟರ್ ತೆರೆದು ಪೆನ್ನು ಕೊಟ್ಟೆ. ಸಹಿ ಹಾಕಿ ವಾಪಸು ಕೊಡುವಾಗ ಅವರು ತಕ್ಷಣ ಬಿಟ್ಟುಬಿಟ್ಟರು, ಹೆದರಿದವರ ಹಾಗೆ. ಪೆನ್ನಿನ ಆ ತುದಿಯನ್ನು ಮತ್ತೆ ಅವರ ಬೆರಳುಗಳ ನಡುವೆ ಇಟ್ಟೆ. ನಾನೂ ಬಿಡಲಿಲ್ಲ.

"ಕೋಪ ಹೋಯ್ತಾ?" ಮೆಲ್ಲಗೆ ಕೇಳಿದರು.

"ಇಲ್ಲ. ಅದು ಅಡಿಯ ಬಣ್ಣ, ಗಟ್ಟಿಯಾಗಿ ಕೂತಿದೆ."

"ಹಾಗಾದ್ರೆ?"

"ಹಾಗಾದ್ರೆ ಇನ್ನು ಮೇಲೆ ಇನ್ನೊಂದು ಸುರಿಬಹುದು," ಎಂದೆ. "ತೋಳು ಮಡಚಿ. ಬೀಟ್‌ರೂಟ್ ತುರಿಯೋದು ನಿಮ್ಮ ಕೆಲಸ."