ನೀರಿನ ಜೊತೆ ಇಪ್ಪತ್ತೊಂದು ಕಿಲೋಮೀಟರ್

"ಒಂಬತ್ತೇ ಕಿಲೋಮೀಟರ್," ಎಂದ ಪುಟ್ಟರಾಜು. "ಏಳಕ್ಕೆ ಹೊರಟ್ರೆ ಹನ್ನೊಂದರೊಳಗೆ ಹಳೇಕೋಟೆ ತೂಬು. ವಾಪಸ್ ಸೈಕಲ್ ತುಳಿದ್ರೆ ಊಟದ ಹೊತ್ತಿಗೆ ಮನೆ."

ಹಂಸ ಟ್ರೇಸಿಂಗ್ ಹಾಳೆಯಿಂದ ತಲೆಯೆತ್ತಲಿಲ್ಲ. "ಬಸ್ಸಿನವರು ಅಷ್ಟೇ ಅಂತಾರೆ."

"ಸ್ಕೂಲ್ ಮಕ್ಕಳ ಟ್ರಿಪ್ಪಿಗೆ ಮೊದಲೇ ದಾರಿ ನೋಡ್ಬೇಕಿತ್ತು."

"ಮಕ್ಕಳು ಎಷ್ಟು ಜನ ಬರ್ತಾರೆ?"

"ಈ ಸಲ ನಾನೊಬ್ಬನೇ. ನೀವು ಬಂದ್ರೆ ಇಬ್ಬರು."

"ಲೆಕ್ಕ ಸರಿಯಾಗಿದೆ, ಮೇಷ್ಟ್ರೇ," ಎಂದು ಅವಳು ಆಗ ತಲೆಯೆತ್ತಿದಳು. ಒಂದು ಕ್ಷಣ ಮಾತ್ರ.

ಅದು ೧೯೯೮ರ ಜುಲೈ, ಶುಕ್ರವಾರ. ಹೊಳೆನರಸೀಪುರದ ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುವ ಹಂಸಳಿಗೆ ಮೂವತ್ತನಾಲ್ಕು. ಹೈಸ್ಕೂಲಿನ ಗಣಿತದ ಮೇಷ್ಟ್ರು, ದುದ್ದದ ಪುಟ್ಟರಾಜುವಿಗೆ ಮೂವತ್ತೇಳು. ನಾಲ್ಕು ವರ್ಷಗಳಿಂದ ಪ್ರತಿ ಶುಕ್ರವಾರ ಅವನಿಗೆ ಕಚೇರಿಯಲ್ಲಿ ಏನಾದರೊಂದು ಕೆಲಸವಿರುತ್ತಿತ್ತು: ಪಾಠಕ್ಕೆ ಅಳತೆ ಸರಪಳಿ, ಹಳೆಯ ನಕ್ಷೆ, ಮಳೆಯ ಅಂಕಿಅಂಶ. ಹೇಳಬೇಕೆಂದು ಬಂದದ್ದನ್ನು ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಅವಳಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಗಿತ್ತು. ಸೋಮವಾರ ಹಾಜರಾಗಬೇಕು. ಉಳಿದ ರಜೆಯ ದಿನ ಭಾನುವಾರವೊಂದೇ.

ಆ ಭಾನುವಾರವೇ ಒಣ ಕಾಲುವೆಗೆ ವರ್ಷದ ಮೊದಲ ನೀರು ಬರುವುದಿತ್ತು. ಕಾಲುವೆ ಏರಿಯ ರಸ್ತೆಗೆ ಹಿಂದಿನ ವರ್ಷ ಡಾಂಬರು ಬಿದ್ದಿತ್ತು. ಅಲ್ಲಿ ಬಸ್ಸಿಲ್ಲ, ಲಾರಿಯಿಲ್ಲ. ಎತ್ತಿನಗಾಡಿ, ಎಮ್ಮೆ, ಸೈಕಲ್ಲು, ನಡೆಯುವವರು. ಪೇಟೆಯ ತೂಬಿನಿಂದ ಹಳೇಕೋಟೆ ತೂಬಿನವರೆಗೆ ನೀರಿನ ಜೊತೆಗೇ ಹೋಗುವುದೆಂದು ಪುಟ್ಟರಾಜು ಯೋಜಿಸಿದ್ದ. ಹಂಸ ಅವನಿಗೊಂದು ನಕ್ಷೆ ಬರೆದುಕೊಟ್ಟಳು. ಕಚೇರಿಯ ರೂಢಿಯಂತೆ ಕಾಲುವೆ ಒಂದು ನೇರ ಗೆರೆ, ತೂಬುಗಳು ಅಡ್ಡ ಗೀಟು. ಅಳತೆ ಮಾತ್ರ ಬರೆದಿರಲಿಲ್ಲ. ಅವಸರದಲ್ಲಿ ಬಿಟ್ಟಿರಬೇಕು ಎಂದುಕೊಂಡ.

ಭಾನುವಾರ ಬೆಳಿಗ್ಗೆ ಏಳು. ಪೇಟೆಯ ತೂಬಿನ ಪಕ್ಕ, ಕಾಲುವೆಯ ನಲವತ್ತನೇ ಕಿಲೋಮೀಟರ್ ಕಲ್ಲಿನ ಬಳಿ ಅವಳ ಸೈಕಲ್ಲಿನ ಹ್ಯಾಂಡಲಿಗೆ ಟಿಫನ್ ಕ್ಯಾರಿಯರ್ ತೂಗುತ್ತಿತ್ತು.

"ತಿಂಡಿಗೆ ಮೂರು ಡಬ್ಬ ಯಾಕೆ?"

"ನಡೆದ್ರೆ ಹಸಿವಾಗತ್ತೆ. ಅಲ್ಲಿ ನೋಡಿ."

ನೀರು ಬಂತು. ಅದು ಧುಮುಕುತ್ತದೆ, ಮೊರೆಯುತ್ತದೆ ಎಂದುಕೊಂಡಿದ್ದ ಪುಟ್ಟರಾಜು. ಅದು ನಡೆದು ಬಂತು. ಒಣ ಎಲೆ, ಕಡ್ಡಿ, ಕಂದು ನೊರೆಯನ್ನು ಮುಂದೆ ತಳ್ಳಿಕೊಂಡು, ತಳದ ಬಿರುಕುಗಳನ್ನು ಒಂದೊಂದಾಗಿ ತುಂಬುತ್ತ. ಬಿರುಕುಗಳು ನೀರು ಕುಡಿಯುವ ಸದ್ದು ಏರಿಯ ಮೇಲಕ್ಕೂ ಕೇಳಿಸುತ್ತಿತ್ತು. ಮುಂದೆ ಮಿಡತೆಗಳು ಹಾರಿದವು, ಹಿಂದೆ ಬೆಳ್ಳಕ್ಕಿಗಳು ಇಳಿದವು. ಎಮ್ಮೆ ಹೊಡೆದುಕೊಂಡು ಬಂದ ಹೆಂಗಸು ಕೆಳಗಿಳಿದು ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಕಿಲೋಮೀಟರಿಗೆ ಒಂದು ಗೇಣು ಇಳಿಜಾರು," ಎಂದಳು ಹಂಸ ಮೆಲ್ಲಗೆ. "ಅಷ್ಟೇ ಸಾಕು ಅದಕ್ಕೆ."

ಅವನು ನೀರನ್ನು ನೋಡುತ್ತಿದ್ದ. ಅವಳು ಅವನನ್ನು ನೋಡಿದಳು. ಅವನು ತಿರುಗಿದಾಗ ಬೆಳ್ಳಕ್ಕಿಗಳನ್ನು ನೋಡಿದಳು.

ನೀರಿನ ವೇಗ ಗಂಟೆಗೆ ಎರಡೂವರೆ ಕಿಲೋಮೀಟರ್. ಸೈಕಲ್ ಹತ್ತಿದರೆ ನೀರು ಹಿಂದುಳಿಯುತ್ತದೆ. ಹಾಗಾಗಿ ಇಬ್ಬರೂ ಸೈಕಲ್ ತಳ್ಳಿಕೊಂಡೇ ನಡೆದರು. ಪ್ರತಿ ಕಲ್ಲಿನ ಬಳಿ ಅವನು ಗಂಟಲು ಸರಿಮಾಡಿಕೊಂಡ. ಪ್ರತಿ ಸಲವೂ ನೀರಿನ ಬಗ್ಗೆಯೇ ಮಾತಾಡಿದ.

ಹತ್ತೂವರೆ ದಾಟಿತ್ತು. ನಲವತ್ತೊಂಬತ್ತನೇ ಕಲ್ಲಿನ ತೂಬಿನ ಬಳಿ ನೀರುಗಂಟಿ ಚಿಕ್ಕಯ್ಯ ಕಾಯುತ್ತಿದ್ದ.

"ಹಳೇಕೋಟೆ ತೂಬು ಇದೇನಾ?" ಎಂದು ಕೇಳಿದ ಪುಟ್ಟರಾಜು.

"ಇದೆಲ್ಲಿ ಆಯ್ತದೆ ಸಾ? ಅದು ಅರವತ್ತೊಂದನೇ ಕಲ್ಲು. ನೀರು ಅಲ್ಲಿಗೋಗೋಕೆ ಮದ್ಯಾನ ಮೂರೂವರೆ ಆಯ್ತದೆ."

"ಬಸ್ಸಲ್ಲಿ ಒಂಬತ್ತೇ ಕಿಲೋಮೀಟರ್ ಅಲ್ವಾ?"

"ಬಸ್ಸು ದಿಬ್ಬ ಅತ್ತಿ ಇಳೀತದೆ. ನೀರು ದಿಬ್ಬ ಅತ್ತೀತಾ? ಸುತ್ಕೊಂಡೇ ಓಗ್ಬೇಕು. ಅಮ್ಮಾರಿಗೆ ಗೊತ್ತಲ್ಲ, ಕೇಳಿ." ಚಿಕ್ಕಯ್ಯ ತೂಬು ಎತ್ತಿ, ಗದ್ದೆಯ ಕಡೆ ಇಳಿದು ಹೋದ.

ಪುಟ್ಟರಾಜು ಜೇಬಿನಿಂದ ನಕ್ಷೆ ತೆಗೆದ. ನೇರ ಗೆರೆ. ಎದುರಿಗೆ ಕಾಲುವೆ ದಿಬ್ಬದ ಸುತ್ತ ಬಾಗಿ, ಗುಡ್ಡೆಯ ಬುಡಕ್ಕೆ ಹೊರಳಿ, ಹೊಲಗಳ ಆಚೆ ಮತ್ತೆ ಕಾಣಿಸಿಕೊಂಡಿತ್ತು.

"ನಿಮಗೆ ಗೊತ್ತಿತ್ತಾ?"

"ನಕ್ಷೆ ಬರೆದೋಳು ನಾನೇ ಅಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದಳು. "ಒಂಬತ್ತು ಕಿಲೋಮೀಟರಲ್ಲಿ ನೀವು ಹೇಳಲ್ಲ ಅಂತ ಗೊತ್ತಿತ್ತು. ನೋಡಿ, ಹೇಳ್ಲಿಲ್ಲ. ಇನ್ನೂ ಹನ್ನೆರಡು ಇದೆ."

ಪುಟ್ಟರಾಜು ನಕ್ಷೆ ಮಡಿಸಿದ. ಬಿಚ್ಚಿದ. ಮತ್ತೆ ಮಡಿಸಿದ. ಗಾಬರಿಯಾದರೆ ಅವನ ಬಾಯಿಗೆ ದುದ್ದದ ಮಾತೇ ಬರುತ್ತಿತ್ತು.

"ಅಂಗಲ್ಲ... ನಾಳೆ ನೀವು ಒಂಟೋದ್ರೆ, ಶುಕ್ರವಾರ ನಾನು ಏನ್ ನೆವ ಇಟ್ಕೊಂಡು ಬರ್ಲಿ? ನೆವಗಳು ಮುಗ್ದೋದೋ ಕಣ್ರಿ. ನೆವ ಇಲ್ದೆ ಬರಂಗಾಗ್ಬೇಕು, ದಿನಾ. ನನ್ನ ಮದ್ವೆ ಆಗ್ತೀರಾ?"

ಹಂಸ ಹ್ಯಾಂಡಲಿಗೆ ತೂಗುತ್ತಿದ್ದ ಕ್ಯಾರಿಯರಿನ ಮೇಲೆ ಕೈಯಿಟ್ಟಳು.

"ನಾನು ಅಮ್ಮಂಗೆ ನಿನ್ನೆನೇ ಹೇಳ್ಬಿಟ್ಟೆ."

ಅವಳ ತಾಯಿ ಅಂಬುಜಮ್ಮ ಮಡಿಯಲ್ಲಿ ಬಿಗಿ ಎಂದು ಊರಿಗೆಲ್ಲ ಗೊತ್ತು. ಪುಟ್ಟರಾಜು ಒಂದು ಹೆಜ್ಜೆ ಹತ್ತಿರ ಬಂದ. "ಏನಂದ್ರು?"

"ರಾತ್ರಿ ಮಲಗೋವರೆಗೂ ಒಂದು ಮಾತೂ ಆಡ್ಲಿಲ್ಲ. ಬೆಳಿಗ್ಗೆ ಕ್ಯಾರಿಯರ್ ಕಟ್ಟುವಾಗ, 'ಇಪ್ಪತ್ತೊಂದು ಕಿಲೋಮೀಟರು ಅಂದ್ಯಲ್ಲ, ಆ ಮೇಷ್ಟ್ರಿಗೆ ಮಧ್ಯಾಹ್ನಕ್ಕೇನು?' ಅಂತ ಕೇಳಿದ್ರು. ಮೂರನೇ ಡಬ್ಬ ಅವರು ಕಟ್ಟಿದ್ದು. ಮೊಸರನ್ನ."

ಅವನು ನಕ್ಕನೋ ಏನೋ, ಕಣ್ಣು ಒರೆಸಿಕೊಂಡ. ಅವಳು ಅವನ ಕೈಯಿಂದ ನಕ್ಷೆ ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿದಳು.

ಆಗ ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು. ನೀರಿನ ಮೂತಿ ಕಾಣಿಸಲಿಲ್ಲ. ಅದು ತಿರುವು ದಾಟಿ ಹೋಗಿತ್ತು. ಅವರ ಪಕ್ಕದಲ್ಲಿ ಕಾಲುವೆ ಆಗಲೇ ತುಂಬಿಕೊಳ್ಳುತ್ತ, ಆಕಾಶವನ್ನು ಹೊತ್ತು ಹರಿಯುತ್ತಿತ್ತು.

"ತಿರುವಿಗೆ ಮುನ್ನೂರು ಮೀಟರ್," ಎಂದ ಪುಟ್ಟರಾಜು. "ಅಂದ್ರೆ ನಾನು ಹೇಳಿ ಮುಗಿಸೋಕೆ ಏಳು ನಿಮಿಷ ತಗೊಂಡಿದ್ದೀನಿ."

"ನಾಲ್ಕು ವರ್ಷ, ಏಳು ನಿಮಿಷ," ಎಂದು ಹಂಸ ಲೆಕ್ಕ ತಿದ್ದಿದಳು.

ಇಬ್ಬರೂ ಸೈಕಲ್ ಹತ್ತಿ, ನೀರನ್ನು ಹಿಡಿಯಲು ಹೊರಟರು.